ಕಾವಲಿನ ಹುಲ್ಲಿಗೆ ನಾನು ಕಟ್ಟಿದ ಬೆಲೆ

ಹಿಂದೂಪುರದ ನಮ್ಮ ಕಚೇರಿಗೆ ಆ ಕಾಗದ ಬಂದದ್ದು ಯುಗಾದಿ ಕಳೆದ ವಾರ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಅಂಗೈ ಅಗಲ ಬೀಳು ಕಂಡರೂ ಅಲ್ಲಿ ಏನಾದರೂ ಬೆಳೆಯಲೇಬೇಕು ಎಂಬ ಆತುರ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಯವರೆಗೆ ಎಲ್ಲರಿಗೂ ಅಂಟಿತ್ತು. ಕಾಗದದಲ್ಲಿ ಕೇಳಿದ್ದು ಇಷ್ಟು: ಕಲ್ಯಾಣದುರ್ಗದ ಹತ್ತಿರ ಒಂದು ಕಾವಲು ಇದೆ. ಉಳದೆ ಹುಲ್ಲಿಗೆ ಬಿಟ್ಟ ಸರ್ಕಾರದ ಬಯಲು, ಸುಮಾರು ಆರುನೂರು ಎಕರೆ. ತಲೆತಲಾಂತರದಿಂದ ಐದು ಕುರಿಮಂದೆಗಳು ಅಲ್ಲಿ ಮೇಯುತ್ತಿವೆ. ಅದನ್ನು ಹೀಗೇ ಹುಲ್ಲಿಗೆ ಬಿಡುವುದು ಲಾಭವೋ, ತುಂಡು ಮಾಡಿ ಕಡಲೆಕಾಯಿ ಬಿತ್ತನೆಗೆ ಕೊಡುವುದು ಲಾಭವೋ? ಎಕರೆಗೆ ಇಷ್ಟು ಎಂದು ಎರಡರ ಆದಾಯವನ್ನೂ ತೋರಿಸಿ, ಸುಗ್ಗಿ ಮುಗಿಯುತ್ತಲೇ ವರದಿ ಕೊಡಬೇಕು.

ನಾನು ಆಗ ವ್ಯವಸಾಯ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್. ಹೊಸ ಬೀಜ, ಹೊಸ ನೇಗಿಲು, ಹೊಸ ಗೊಬ್ಬರಗಳನ್ನು ರೈತರಿಗೆ ತೋರಿಸುವವನು. ಅವರು ನೋಡಿ, ಭಲೇ ಎಂದು ತಲೆಯಾಡಿಸಿ, ಮನೆಗೆ ಹೋಗಿ ಹಳೆಯದನ್ನೇ ಮಾಡುತ್ತಿದ್ದರು. ಅಂಥವನ ಮಾತಿನ ಮೇಲೆ ಆರುನೂರು ಎಕರೆಯ ಹಣೆಬರಹ ನಿಂತಿದೆ ಎಂದರೆ ಎದೆ ಸ್ವಲ್ಪ ಉಬ್ಬಿತು. ಅದನ್ನು ಈಗ ಒಪ್ಪಿಕೊಳ್ಳುವುದರಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಆದರೂ ಬರೆಯುತ್ತಿದ್ದೇನೆ.

ಪೆನುಕೊಂಡದವರೆಗೆ ರೈಲು, ಅಲ್ಲಿಂದ ಇದ್ದಿಲಿನ ಬಸ್ಸು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕು. ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿ ಕಮ್ಮಾರನ ಅಂಗಿಯಾಗಿತ್ತು. ಕಾವಲಿರುವ ಊರಿನಲ್ಲಿ ಲೆಕ್ಕಪತ್ರ ಬರೆಯುವ ಕರಣಂ ತಮ್ಮ ಜಗಲಿಯ ಮೇಲೆ ನನಗೊಂದು ಕುರ್ಚಿ ಹಾಕಿಸಿ, ಮಜ್ಜಿಗೆ ಕೊಡಿಸಿ, ಐದು ಮಂದೆಗಳಲ್ಲಿ ದೊಡ್ಡದರ ಯಜಮಾನರನ್ನು ಕರೆಸಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಹೆಗಲ ಮೇಲೆ ಕರಿಯ ಕಂಬಳಿ. ಅವರು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ಕೋಲಿನ ಮೇಲೆ ಗದ್ದ ಊರಿ ನಿಂತರು.

"ನಿಮ್ಮ ಮಂದೆಯಲ್ಲಿ ಎಷ್ಟು ಕುರಿ ಇವೆ?" ಎಂದು ಕೇಳಿದೆ.

"ಎಂಟು ಇಪ್ಪತ್ತು ಆಗ್ಬೋದು ಸ್ವಾಮಿ," ಎಂದರು.

ಕರಣಂ ತಮ್ಮ ದಫ್ತರ ನೋಡಿ, "ಸರಿಗ್ಗಾ ನೂಟ ಅರವೈ. ಪುಲ್ಲರಿ ಕಟ್ಟುವುದೂ ಅಷ್ಟಕ್ಕೇ," ಎಂದರು. ಪುಲ್ಲರಿ ಎಂದರೆ ಮೇಯುವ ಪ್ರತಿ ಕುರಿಗೂ ಸರ್ಕಾರಕ್ಕೆ ಕಟ್ಟುವ ತಲೆಗಂದಾಯ. ನಾನು ನೂರ ಅರವತ್ತು ಎಂದು ಬರೆದುಕೊಂಡೆ. ಉಳಿದ ನಾಲ್ಕು ಮಂದೆಯವರೂ ಬಂದು ಇಂಥದೇ ಒಂದೊಂದು ಸಂಖ್ಯೆ ಹೇಳಿದರು. ಅವನ್ನೂ ಬರೆದುಕೊಂಡೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ತಾತನೂ ಮಡಕಶಿರಾ ಕಡೆ ಕುರಿ ಕಾಯ್ದವನೇ. ಅಪ್ಪ ಮಂದೆ ಮಾರಿ ನನ್ನನ್ನು ಓದಿಸಿದ. ಕುರಿಯವರು ಕುರಿ ಎಣಿಸುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಣಿಸಿದರೆ ಮಂದೆಯ ಏಳಿಗೆ ನಿಲ್ಲುತ್ತದೆ ಎಂದು ನಂಬಿಕೆ. ಸಂಜೆ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ಮಂದೆಯನ್ನು ಕೂಡುವಾಗ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಾರೆ. ಹೊರಗಿನವರು ಕೇಳಿದರೆ ಇರುವುದರ ಅರ್ಧ ಹೇಳುವುದು ರೂಢಿ. ನಮ್ಮ ತಾತ ಹಾಗೆ ಹೇಳಿದ್ದನ್ನು ಪಕ್ಕದಲ್ಲೇ ನಿಂತು ಎಷ್ಟು ಸಲ ಕೇಳಿದ್ದೆನೋ.

ಇಷ್ಟು ಗೊತ್ತಿದ್ದೂ ಎಂಟು ಇಪ್ಪತ್ತನ್ನು ನಂಬಿದೆ. ನನ್ನ ಮಾತಿನ ಧಾಟಿಯಲ್ಲೇ ಇವರಿಗೆ ನಾನು ಯಾರ ಮನೆಯವನೆಂದು ತಿಳಿದಿರುತ್ತದೆ, ನಮ್ಮವನಿಗೆ ಅರ್ಧ ಲೆಕ್ಕ ಯಾಕೆ ಹೇಳುತ್ತಾರೆ ಎಂಬ ಜಂಬ. ಬೇರೆ ಯಾವನಾದರೂ ಅಧಿಕಾರಿಯಾಗಿದ್ದರೆ ಮಂದೆಯನ್ನು ಒಂದು ಸಂದಿಯಲ್ಲಿ ಹಾಯಿಸಿ ಎಣಿಸಿಬಿಡುತ್ತಿದ್ದ. ನನಗೆ ಮನಸ್ಸು ಬರಲಿಲ್ಲ. ಅವರ ನಂಬಿಕೆಗೆ ನಾನು ಕೊಡುತ್ತಿರುವ ಮರ್ಯಾದೆ ಇದು ಎಂದುಕೊಂಡೆ. ಬಾಯಿಬಿಟ್ಟು ನಾನೂ ಕುರುಬರ ಮನೆಯವನು ಎಂದು ಮಾತ್ರ ಹೇಳಲಿಲ್ಲ. ಕುರ್ಚಿ ಹಾಕಿಸಿದ ಕರಣಂ ಎದುರಿಗೆ ಅದು ಬಾಯಿಗೆ ಬರಲಿಲ್ಲ.

ರೋಹಿಣಿ ಮಳೆ ಬೀಳುವುದರೊಳಗೆ ಕೆಲಸ ಶುರು ಮಾಡಿದೆ. ಕಾವಲಿನಲ್ಲಿ ಹನ್ನೆರಡು ಕಡೆ ಹಗ್ಗ ಹಿಡಿದು ಚೌಕ ಹಾಕಿ, ಸುತ್ತ ಜಾಲಿಮುಳ್ಳು ಕಟ್ಟಿ, ಕುರಿ ಬಾಯಿ ಹಾಕದಂತೆ ಮಾಡಿದೆ. ತಿಂಗಳಿಗೊಮ್ಮೆ ಹಿಂದೂಪುರದಿಂದ ಬಂದು ಆ ಚೌಕಗಳ ಹುಲ್ಲನ್ನು ಬುಡಕ್ಕೆ ಕೊಯ್ದು, ಬಂಡೆಯ ಮೇಲೆ ಒಣಗಿಸಿ, ತೂಗಿ ಬರೆಯುವುದು. ಕಾವಲಿನ ಅಂಚಿಗಿದ್ದ ರೈತರ ಹೊಲಗಳಲ್ಲಿ ಅಷ್ಟೇ ಅಳತೆಯ ಚೌಕ ಗುರುತಿಟ್ಟು, ಉಳುಮೆ, ಬೀಜ, ಕಳೆ ಎಲ್ಲದರ ಖರ್ಚು ಕೇಳಿ ಬರೆದುಕೊಂಡು, ಕೊನೆಗೆ ಗಿಡ ಕಿತ್ತು ಕಾಯಿ ತೂಗುವುದು. ನಾಲ್ಕು ಕಡೆ ಗುಣಿಯೂ ತೋಡಿಸಿದೆ. ಹೊಲದಲ್ಲಿ ಮೊಣಕಾಲುದ್ದ ಕೆಂಪು ಮಣ್ಣು. ಕಾವಲಿನಲ್ಲಿ ಗೇಣು ಮಣ್ಣು, ಕೆಳಗೆ ಬರೀ ಗರಸು ಕಲ್ಲು. ಅದನ್ನೂ ಬರೆದುಕೊಂಡೆ, ಆದರೆ ಷರಾದಲ್ಲಿ. ನಮೂನೆಯ ಷರಾವನ್ನು ಯಾರೂ ಓದುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಯಜಮಾನರು ನನ್ನ ಹಿಂದೆ ಹಿಂದೆಯೇ ತಿರುಗುತ್ತಿದ್ದರು. ನಾನು ಹಿಡಿ ಹುಲ್ಲನ್ನು ತಕ್ಕಡಿಗೆ ಹಾಕುವುದು ಅವರಿಗೆ ತಮಾಷೆ. ಒಂದು ದಿನ ಕೇಳಿದೆ, "ತಾತ, ಈ ಕಾವಲನ್ನ ಉತ್ತರೆ ಹೇಗೆ? ನಿಮಗೇನು ಅನ್ನಿಸುತ್ತೆ?"

"ಕುರಿ ಕೇಳಿ ಮಸಾಲೆ ಅರೀತಾರಾ ಸ್ವಾಮಿ? ಅರಿಯಾಕೆ ಬಂದಿದ್ದೀರ, ಅರೀರಿ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ಬ್ಯಾಸಿಗೇಲಿ ನಮ್ಮನ್ನ ಎಲ್ಲಾರೂ ಕರೀತಾರೆ. ನಮ್ಮ ಹೊಲದಾಗೆ ಮಂದೆ ನಿಲ್ಸು, ಗೊಬ್ಬರ ಆಯ್ತದೆ ಅಂತ. ಆರಿದ್ರೆಯಿಂದ ಕಾರ್ತೀಕದ ಗಂಟ ಎಲ್ಲಾರ ಹೊಲದಾಗೂ ಬೆಳೆ ಇರ್ತದೆ. ಆವಾಗ ಯಾರೂ ಕರಿಯಾಕಿಲ್ಲ. ಕುರಿ ನಿಲ್ಲಾಕೆ ಇದೊಂದೇ ಜಾಗ. ಈ ಕಾವಲು ಹೋದ್ರೆ ಮಂದೆ ಹೋದಂಗೇ ಕಣಪ್ಪ."

"ಮಳೆ ಕೈಕೊಟ್ಟರೆ ಕಾವಲಿನಲ್ಲೂ ಹುಲ್ಲು ಇರುವುದಿಲ್ಲವಲ್ಲ?"

"ಇರಾಕಿಲ್ಲ. ಮಂದೆ ಹೊಡ್ಕೊಂಡು ಹೋಯ್ತೀವಿ. ಪಡುವಲಾಗೆ ಮಳೆ ಆಗಿದ್ರೆ ಪಡುವಲಿಗೆ, ಬಡಗಲಾಗೆ ಆಗಿದ್ರೆ ಬಡಗಲಿಗೆ. ಕುರಿಗೆ ಕಾಲೈತೆ. ನಿಮ್ಮ ಕಡ್ಲೆಕಾಯಿ ಎಲ್ಲಿಗೆ ನಡ್ಕೊಂಡು ಹೋಯ್ತದೆ, ಹೇಳಿ?"

ನಾನೂ ನಕ್ಕೆ. ಬರೆದುಕೊಳ್ಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಲಂ ಇರಲಿಲ್ಲ.

ಆ ವರ್ಷ ಮಳೆ ಹೇಳಿ ಕಳಿಸಿದಂತೆ ಬಂತು. ಬಿತ್ತುವಾಗ ಹದ, ಹೂವಿಗೆ ಒಂದು ಮಳೆ, ಹೂವಿನ ಊಡು ಮಣ್ಣಿಗೆ ಇಳಿಯುವಾಗ ಒಂದು, ಕಾಯಿ ಬಲಿಯುವಾಗ ಮತ್ತೊಂದು. ಆ ಸೀಮೆಯಲ್ಲಿ ಅಂಥ ವರ್ಷ ಅಪರೂಪ. ರೈತರು ಮೂಟೆ ಸಾಲದೆ ಹಿಂದೂಪುರದಿಂದ ಗೋಣಿಚೀಲ ತರಿಸಿದರು. ನನ್ನ ಚೌಕಗಳಲ್ಲಿ ಗಿಡ ಕಿತ್ತರೆ ಬುಡದ ತುಂಬ ಕಾಯಿ. ಎಲ್ಲರ ಮುಖದಲ್ಲೂ ನಗು. ನನಗೂ ಸಂತೋಷವೇ ಆಗಿತ್ತು. ಕಾವಲಿನ ಕೊರಳಿಗೆ ಹಗ್ಗ ಹೊಸೆಯುತ್ತಿರುವುದು ಆ ಒಳ್ಳೆಯ ಮಳೆಯೇ ಎಂದು ನನಗೆ ಹೊಳೆಯಲಿಲ್ಲ.

ಲೆಕ್ಕ ಹಾಕಿದೆ. ಐದು ಮಂದೆಯವರು ಹೇಳಿದ ಕುರಿಗಳ ಸಂಖ್ಯೆ, ಅವುಗಳ ಮರಿ, ಉಣ್ಣೆ, ಮಾರಾಟ ಎಲ್ಲವನ್ನೂ ಆರುನೂರು ಎಕರೆಗೆ ಹಂಚಿದರೆ ಎಕರೆಗೆ ಬಂದದ್ದು ಭಿಕ್ಷೆ. ಕಡಲೆಕಾಯಿ ಅದರ ನಾಲ್ಕರಷ್ಟು. ಅಂಕಿ ಇಷ್ಟು ಸ್ಪಷ್ಟವಾಗಿ ಬಂದರೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ. ಯಜಮಾನರ ನೆನಪಾಗಿ ಸಂಕಟವಾಯಿತು ನಿಜ, ಆದರೆ ನ್ಯಾಯ ಎಂದರೆ ನ್ಯಾಯ ಎಂದು ಸಮಾಧಾನ ಮಾಡಿಕೊಂಡು, ಸಂಕ್ರಾಂತಿಗೆ ಮೊದಲೇ ವರದಿಗೆ ರುಜು ಹಾಕಿ ಮೇಲಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ನೋಡಿ, "ಇಂಥ ಕ್ಲೀನ್ ರಿಪೋರ್ಟ್ ಬಹಳ ದಿನಕ್ಕೆ ನೋಡಿದೆ," ಎಂದರು.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಮತ್ತೆ ಆ ಊರಿಗೆ ಹೋದೆ. ನೆಟ್ಟಿದ್ದ ಗೂಟ, ಹಗ್ಗ, ತಕ್ಕಡಿ ತರುವುದಿತ್ತು. ಕಾವಲಿನ ಬಂಡೆಯ ಹತ್ತಿರ ಯಜಮಾನರ ಮಂದೆಯ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಕೆರೆಯಲ್ಲಿ ಮೈ ತೊಳೆಸಿದ ಕುರಿಗಳನ್ನು ಒಂದೊಂದಾಗಿ ಕಾಲು ಕಟ್ಟಿ ಕೆಡವಿ, ಉದ್ದ ಕತ್ತರಿಯಲ್ಲಿ ಇಬ್ಬರು ಕತ್ತರಿಸುತ್ತಿದ್ದರು. ಯಜಮಾನರ ಸೊಸೆ, ಗಂಡ ತೀರಿಹೋದ ಮೇಲೆ ಮನೆ ನಡೆಸುತ್ತಿದ್ದವಳು, ಒಂದು ಕುರಿಯ ಉಣ್ಣೆಗೆ ಒಂದು ಉಂಡೆ ಮಾಡಿ ಬಂಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಕಂಬಳಿ ನೇಯುವವರು ಕೊಳ್ಳುವುದು ಹಾಗೆ.

ಸುಮ್ಮನೆ ನಿಂತಿದ್ದೆ. ವರ್ಷವಿಡೀ ಅಳೆದು ತೂಗಿದ ಕಣ್ಣು ತಾನಾಗಿಯೇ ಉಂಡೆಗಳನ್ನು ಎಣಿಸತೊಡಗಿತು. ಸಾಲಿಗೆ ಇಪ್ಪತ್ತರ ಹಾಗೆ ಎಂಟು ಸಾಲು ದಾಟಿತು. ಒಂಬತ್ತು. ಹತ್ತು. ಹನ್ನೊಂದನೆಯ ಸಾಲು ಅರ್ಧವಾಗಿತ್ತು.

"ಇನ್ನೂ ಎಷ್ಟು ಉಳಿದಿವೆಯಮ್ಮಾ?" ಎಂದೆ.

"ಇನ್ನೂ ಶಾನೆ ಅವೆ ಸ್ವಾಮಿ. ಅಗಾ ನೋಡಿ, ಮರದ ಕೆಳಗೆ," ಎಂದು ಕತ್ತರಿ ಕಾಣದ ಮಂದೆಯನ್ನು ತೋರಿಸಿದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಅವಳಿಗೆ ನಗು ಬಂತು. "ನಿಮ್ಮ ಪುಸ್ತಕದಾಗಿನ ಕುರೀಗೆ ಎರಡೆರಡು ಮೈ ಇರಬೇಕು, ಬುಡಿ. ಮಂದೆ ನಿಲ್ಸಿದ್ದಕ್ಕೆ ರೈತರು ಕೊಡೋ ಕಾಳಾದ್ರೂ ಬರ್ಕೊಂಡ್ರಾ? ವರ್ಸೆಲ್ಲ ನಮ್ಮನೇಲಿ ಉಣ್ಣೋದು ಅದೇಯ."

ಬರೆದುಕೊಂಡಿರಲಿಲ್ಲ. ಕಾಳಿಗೆ ರಸೀದಿ ಇರಲಿಲ್ಲ, ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ತೂಗಿದ ಕಡಲೆಕಾಯಿಯ ಹೊಲಗಳೆಲ್ಲ ಇದೇ ಮಂದೆಗಳ ಗೊಬ್ಬರ ಉಂಡ ಹೊಲಗಳು ಎಂಬುದೂ ಆಗಲೇ ತಲೆಗೆ ಹತ್ತಿದ್ದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು. ಬಂಡೆಯ ಮೇಲೆ ಕೂತುಬಿಟ್ಟೆ.

ಯಜಮಾನರು ಮಂದೆಯ ಹತ್ತಿರದಿಂದ ಬಂದಾಗ ಎಲ್ಲ ಹೇಳಿದೆ. ವರದಿ ಹೋಗಿದೆ, ನೂರ ಅರವತ್ತು ಎಂದು ಬರೆದಿದ್ದೇನೆ, ಆ ಲೆಕ್ಕದಲ್ಲಿ ಕಾವಲು ಉಳಿಯುವುದಿಲ್ಲ, ಉಳಿಯಬೇಕಾದರೆ ನಿಜವಾದ ಸಂಖ್ಯೆ ಬೇಕು, ಎಣಿಸಬೇಕು. ಅವರು ಎರಡು ಕಿವಿಯನ್ನೂ ಮುಚ್ಚಿಕೊಂಡರು. "ಆಗಾಕಿಲ್ಲ ಸ್ವಾಮಿ. ನಮ್ಮಪ್ಪ ಎಣಿಸಿಲ್ಲ, ನಮ್ಮ ತಾತ ಎಣಿಸಿಲ್ಲ," ಎಂದರು.

"ನಮ್ಮ ತಾತನೂ ಎಣಿಸಿರಲಿಲ್ಲ," ಎಂದೆ. ಅಲ್ಲಿಂದ ಉಳಿದದ್ದೂ ಹೊರಗೆ ಬಂತು. ಯಾವ ಊರು, ಯಾವ ಹಟ್ಟಿ, ಕುಲದಲ್ಲಿ ಯಾವ ಬೆಡಗು, ಅಪ್ಪ ಮಂದೆ ಮಾರಿದ್ದು. ಯಜಮಾನರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸ್ವಾಮಿ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

"ಅವತ್ತು ಯಾಕ್ಲಾ ಹೇಳ್ಲಿಲ್ಲ? ಕುರ್ಚಿ ಮ್ಯಾಲೆ ಕುಂತ್ಕೊಂಡು ಕರಣಂ ಜೊತೆ ತೆಲುಗ್ನಾಗೆ ನಗ್ತಿದ್ದೆ. ಸರ್ಕಾರದೋರಿಗೆ ಹೇಳೋ ಲೆಕ್ಕಾನೇ ನಿಂಗೂ ಹೇಳ್ಬುಟ್ಟೆ."

ನಾಚಿಕೆಯಿಂದ ಹೇಳಲಿಲ್ಲ ಎಂದೆ. ಯಾರ ನಾಚಿಕೆ ಎಂದು ಅವರು ಕೇಳಲಿಲ್ಲ. "ಎಣಿಸಿದ್ರೆ ಪುಲ್ಲರಿಯೋರ್ಗೆ ಗೊತ್ತಾಯ್ತದಲ್ಲಪ್ಪ?" ಎಂದರು.

"ಇಲ್ಲ ತಾತ. ಇದು ನನ್ನ ವರದಿಗೆ ಮಾತ್ರ. ಪುಲ್ಲರಿಗೆ ಹೋಗಲ್ಲ."

"ಮಾತು ಕೊಡ್ತೀಯಾ?"

"ಕೊಡ್ತೀನಿ," ಎಂದೆ. ಯಾವ ಅಧಿಕಾರದಿಂದ ಕೊಟ್ಟೆನೋ ಇವತ್ತಿಗೂ ಗೊತ್ತಿಲ್ಲ. ಒಬ್ಬ ಡೆಮಾನ್‌ಸ್ಟ್ರೇಟರ್ ಕೈಯಲ್ಲಿ ತನ್ನ ಸೈಕಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಮೂರನೆಯ ದಿನ ಅವರೇ ಹೇಳಿ ಕಳಿಸಿದರು. ಷರತ್ತು ಎರಡು. ನಾನೊಬ್ಬನೇ ಎಣಿಸಬೇಕು, ಬೇರೆಯವರ ಕೈ ಬೇಡ. ರೊಪ್ಪದ ಹತ್ತಿರ ಬಾಯಲ್ಲಿ ಒಂದು ಅಂಕಿಯನ್ನೂ ಆಡಬಾರದು. ಹಾಗಾಗಿ ಬೆಣಚುಕಲ್ಲು ಆರಿಸಿ ಒಂದು ಚೀಲ ತುಂಬಿಕೊಂಡೆ, ಮರಿಗಳಿಗೆಂದು ಬೇರೆಯಾಗಿ ಹುಣಸೆಬೀಜ. ಬೆಳಿಗ್ಗೆ ಮಂದೆ ಬಿಡುವ ಹೊತ್ತಿಗೆ ರೊಪ್ಪದ ಬಾಯನ್ನು ಒಂದು ಕುರಿ ಹಾಯುವಷ್ಟು ಕಿರಿದು ಮಾಡಿದೆವು. ಒಂದು ಕುರಿ ಹೊರಬಂದರೆ ಒಂದು ಕಲ್ಲು ಈ ಚೀಲದಿಂದ ಆ ಚೀಲಕ್ಕೆ. ಯಜಮಾನರು ಬೆನ್ನು ತಿರುಗಿಸಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಗುಡ್ಡದ ಕಡೆ ಮುಖ ಮಾಡಿ ನಿಂತರು. ಸೊಸೆ ಕುರಿಗಳನ್ನು ಹಿಂದಿನಿಂದ ನೂಕುತ್ತಿದ್ದಳು. ಗೊರಸಿನ ಸದ್ದು, ಕಲ್ಲಿಗೆ ಕಲ್ಲು ತಾಗುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಓದಿದವನಿಗೆ ಭಯ ಯಾಕೆ ಎಂದು ಕೇಳಿಕೊಂಡೆ, ಆದರೂ ಮನಸ್ಸಿನಲ್ಲೂ ಒಂದು ಅಂಕಿ ಆಡಲಿಲ್ಲ.

ಕಲ್ಯಾಣದುರ್ಗದ ಪ್ರವಾಸಿ ಬಂಗಲೆಗೆ ಬಂದು, ಬಾಗಿಲು ಹಾಕಿಕೊಂಡು ಚೀಲ ಸುರಿದೆ. ಕಲ್ಲು ಮುನ್ನೂರ ಐವತ್ತಮೂರು. ಹುಣಸೆಬೀಜ ತೊಂಬತ್ತು ದಾಟಿತು. ಯಜಮಾನರು ಒಪ್ಪಿದ ಮೇಲೆ ಉಳಿದ ನಾಲ್ಕು ಮಂದೆಯವರೂ ಒಪ್ಪಿದರು. ಎಲ್ಲರದೂ ಹೇಳಿದ್ದರ ಎರಡರಷ್ಟು, ಒಬ್ಬರದು ಇನ್ನೂ ಹೆಚ್ಚು. ಕಾಳಿನ ಲೆಕ್ಕವನ್ನು ಮನೆಮನೆಗೆ ಹೋಗಿ ಕೇಳಿ ಬರೆದೆ. ತಾಲ್ಲೂಕು ಕಚೇರಿಯಲ್ಲಿ ಹಳೆಯ ಮಳೆ ಪುಸ್ತಕ ತೆಗೆಸಿ, ಧೂಳು ಒರೆಸಿ, ಕಡಲೆಕಾಯಿಗೆ ಒದಗುವಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಆಗಿದೆ ಎಂದು ನೋಡಿದೆ. ಒಂದು ವರ್ಷ ಆದರೆ ಎರಡು ವರ್ಷ ಇಲ್ಲ, ಅಷ್ಟೇ.

ಹೊಸ ಪಟ್ಟಿಯಲ್ಲಿ ಯಾರೂ ಕೇಳದಿದ್ದ ಕಲಂಗಳನ್ನು ನಾನೇ ಗೆರೆ ಎಳೆದು ಹಾಕಿದೆ. ಒಳ್ಳೆಯ ವರ್ಷ, ನಡುವಿನ ವರ್ಷ, ಕೆಟ್ಟ ವರ್ಷ. ಒಳ್ಳೆಯ ವರ್ಷದಲ್ಲಿ ಕಡಲೆಕಾಯಿಯೇ ಮುಂದು. ನಡುವಿನ ವರ್ಷದಲ್ಲಿ ಎರಡೂ ಸಮ. ಕೆಟ್ಟ ವರ್ಷದಲ್ಲಿ ಕಡಲೆಕಾಯಿ ಹಾಕಿದ ಬೀಜವನ್ನೂ ಹಿಂದಕ್ಕೆ ಕೊಡುವುದಿಲ್ಲ, ಮಂದೆ ಸೊರಗುತ್ತದೆ, ಆದರೆ ಬದುಕುತ್ತದೆ. ಮೂರನ್ನೂ ಸೇರಿಸಿದರೆ ಹುಲ್ಲಿಗೆ ಬಿಡುವುದೇ ಲಾಭ. ಜೊತೆಗೆ ಮಂದೆ ಹೋದರೆ ಸುತ್ತಲ ಹೊಲಗಳ ಗೊಬ್ಬರವೂ ಹೋಗುತ್ತದೆ ಎಂದು ಷರಾದಲ್ಲಿ ಅಲ್ಲ, ಮೊದಲ ಪುಟದಲ್ಲೇ ಬರೆದೆ. ಜೀವಮಾನದಲ್ಲಿ ನಾನು ಬರೆದ ನೆಟ್ಟಗಿನ ಕಾಗದ ಅದೊಂದೇ.

ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ಕಳಿಸಿದ್ದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

"ಮೊದಲು ನೂರ ಅರವತ್ತು ಅಂದಿರಿ. ಈಗ ಮುನ್ನೂರ ಐವತ್ತಮೂರು ಅಂತೀರಿ. ಯಾವುದನ್ನು ನಂಬಲಿ?"

"ಎರಡನೆಯದು ಸಾರ್. ನಾನೇ ಕೈಯಾರೆ ಎಣಿಸಿದ್ದು."

"ಮೊದಲನೆಯದಕ್ಕೂ ನಿಮ್ಮದೇ ರುಜು ಇದೆಯಲ್ರೀ."

ಕುರಿ ಎಣಿಸದ ಪದ್ಧತಿ, ಅರ್ಧ ಹೇಳುವ ರೂಢಿ, ಎಲ್ಲವನ್ನೂ ವಿವರಿಸಿದೆ.

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ನಾನೂ ಅದೇ ಜಾತಿಯವನು ಸಾರ್."

ಹೇಳಿದ ಕ್ಷಣಕ್ಕೇ ತಪ್ಪಾಯಿತೆಂದು ಗೊತ್ತಾಯಿತು. ಅವರ ಮುಖದಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಬೇಸರ ಇತ್ತು. "ಹಾಗಾದರೆ ಈ ಎರಡನೇ ಲೆಕ್ಕವನ್ನ ನಾನು ಮೇಲಕ್ಕೆ ಹೇಗೆ ಕಳಿಸಲಿ? ನಿಮ್ಮವರಿಗೆ ನೀವು ಸಹಾಯ ಮಾಡಿದಿರಿ ಅಂತಾರೆ. ನಿಮ್ಮ ಕೆಲಸ ಹೋಗುತ್ತೆ," ಎಂದರು. ಹೇಳಬೇಕಾದಲ್ಲಿ ನುಂಗಿಕೊಂಡು, ನುಂಗಬೇಕಾದಲ್ಲಿ ಹೇಳಿಬಿಟ್ಟಿದ್ದೆ. ಕೊನೆಗೆ ಅವರು ಕುರಿಗಳ ಎರಡೂ ಅಂಕಿಗಳಿಗೆ ಕೆಂಪು ಗೆರೆ ಎಳೆದು 'ವಿವಾದಾಸ್ಪದ' ಎಂದು ಬರೆದರು. ಕಡಲೆಕಾಯಿಗೆ ತೂಗಿ ಬರೆದ ಅಂಕಿ ಒಂದೇ ಇತ್ತು, ಆ ಒಳ್ಳೆಯ ವರ್ಷದ್ದು; ಉಳಿದವನ್ನು ಬರೀ ಅಂದಾಜು ಎಂದು ಬಿಟ್ಟರು. ಅದರ ತಂಟೆಗೆ ಯಾರೂ ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸೋತೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಜಮೀನು ಸರ್ಕಾರದ್ದಾದ ಕಾರಣ ಎರಡನೆಯ ಪಟ್ಟಿಯ ಒಂದು ನಕಲು ಪುಲ್ಲರಿ ವಸೂಲು ಮಾಡುವ ಕಂದಾಯದ ಕಚೇರಿಗೂ ಹೋಗಿತ್ತು. ನಾನೇ ಮೂರು ಪ್ರತಿ ಮಾಡಿ ಕೊಟ್ಟಿದ್ದೆ. ನಿಯಮವೇ ಹಾಗೆ, ಮೂರು ಪ್ರತಿ. ಬರೆಯುವ ಭರದಲ್ಲಿ ಮೂರನೆಯದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಓಡಿಹೋಗಿ ಅಲ್ಲಿನ ಗುಮಾಸ್ತರನ್ನು ಬೇಡಿಕೊಂಡೆ. "ನಂಬರು ಬಿದ್ದ ಕಾಗದ ವಾಪಸು ಬರೋದಿಲ್ಲ ಸ್ವಾಮಿ," ಎಂದರು. ಕೃಷಿಯ ಲೆಕ್ಕಕ್ಕೆ ಸುಳ್ಳಾದ ಸಂಖ್ಯೆ ಕಂದಾಯದ ಲೆಕ್ಕಕ್ಕೆ ನಿಜವಾಯಿತು. ಹಿಂದಿನ ವರ್ಷಗಳ ಪುಲ್ಲರಿಯನ್ನೂ ದಂಡವನ್ನೂ ಸೇರಿಸಿ ಐದು ಮಂದೆಯವರಿಗೂ ನೋಟೀಸು ಬಂತು. ಕರಣಂ ಕೂಗಿ ಓದಿದರಂತೆ. ಓದುವಾಗ ಯಜಮಾನರು ತಲೆ ಎತ್ತಲಿಲ್ಲವಂತೆ. ನಾನು ಅಲ್ಲಿರಲಿಲ್ಲ. ಹೋಗುವ ಧೈರ್ಯ ನನಗಿರಲಿಲ್ಲ.

ಬೇಸಿಗೆಯಲ್ಲಿ ಕಾವಲನ್ನು ತುಂಡು ಹಾಕಿ ಹಂಚಿದರು. ದಂಡಕ್ಕೆಂದು ಕೆಲವು ಕುರಿ ಮಾರಾಟಕ್ಕೆ ಹೋದವು, ನಿಲ್ಲಲು ಜಾಗವಿಲ್ಲವೆಂದು ಉಳಿದವುಗಳಲ್ಲೂ ಹೆಚ್ಚಿನವು ಹೋದವು. ಎರಡು ಮಂದೆಯವರು ಪಡುವಲಿಗೆ ಹೋದವರು ತಿರುಗಿ ಬರಲೇ ಇಲ್ಲ. ಮೊದಲ ವರ್ಷ ಹೊಸ ಮಣ್ಣಿನಲ್ಲಿ ಕಡಲೆಕಾಯಿ ಒಂದಿಷ್ಟು ಆಯಿತು. ಎರಡನೆಯ ವರ್ಷ ಬಿತ್ತಿದ ಮೇಲೆ ಮಳೆ ಮುಖ ತೋರಿಸಲಿಲ್ಲ.

ಆ ವರ್ಷ ಭಾದ್ರಪದದಲ್ಲಿ ಇಲಾಖೆಯ ಬೇರೆ ಕೆಲಸಕ್ಕೆ ಕಲ್ಯಾಣದುರ್ಗಕ್ಕೆ ಹೋಗಲೇಬೇಕಾಯಿತು. ಕೆಲಸ ಮುಗಿಸಿ ಕಾವಲಿನ ಕಡೆ ನಡೆದೆ. ಯಾಕೆ ಹೋದೆ ಎಂದರೆ ಹೇಳಲಾರೆ. ಬೈಸಿಕೊಂಡರೆ ಎದೆ ಹಗುರವಾದೀತು ಎಂಬ ಆಸೆ ಇದ್ದಿರಬೇಕು. ಉತ್ತ ನೆಲದಲ್ಲಿ ಗರಸು ಮೇಲೆ ಬಂದು ಬೆಳ್ಳಗೆ ಹೊಳೆಯುತ್ತಿತ್ತು. ಕೂರಿಗೆಯ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಸುಟ್ಟ ಗಿಡ. ಮುಟ್ಟಿದರೆ ಪುಡಿಯಾಗುತ್ತಿತ್ತು.

"ಯಾರದು? ಹೊಲಕ್ಕೆ ಇಳೀಬ್ಯಾಡ, ದಾರೀ ಮ್ಯಾಲೆ ಬಾ!" ಎಂದು ಯಾರೋ ಕೂಗಿದರು.

ಯಜಮಾನರು. ನಾಲ್ಕು ಗೂಟದ ಮೇಲೆ ಸೋಗೆ ಹೊದಿಸಿದ ಗುಡಿಸಲಿನ ನೆರಳಿನಲ್ಲಿ ಕೂತಿದ್ದರು. ಹತ್ತಿರ ಹೋದ ಮೇಲೆ ಗುರುತು ಹಿಡಿದರು. ಬೈಯಲಿಲ್ಲ. "ಬಾರಪ್ಪ, ಕುಂತ್ಕೋ," ಎಂದು ಜಾಗ ಮಾಡಿಕೊಟ್ಟರು. ಭೂಮಿ ಪಡೆದವರೆಲ್ಲ ಸೇರಿ ಅವರನ್ನು ಬೆಳೆ ಕಾಯಲು ಇಟ್ಟುಕೊಂಡಿದ್ದರು. ಕುರಿ ಮೇಕೆ ಹೊಲಕ್ಕೆ ಬಿದ್ದರೆ ಹಿಡಿದು, ದಂಡ ಕಟ್ಟಿಸಿಕೊಂಡೇ ಬಿಡುವ ಸರ್ಕಾರಿ ದೊಡ್ಡಿಗೆ ಹೊಡೆಯುವ ಕೆಲಸ. ದನಕುರಿಯ ಬುದ್ಧಿ ತಿಳಿದವರು ಅವರಿಗಿಂತ ಯಾರಿದ್ದಾರೆ?

"ಕಾಯಲು ಇಲ್ಲಿ ಏನಿದೆ ತಾತ?"

"ಏನೂ ಇಲ್ಲ. ಕಾರ್ತೀಕದ ಗಂಟ ಅಂತ ಮಾತಾಗೈತೆ. ಮಾತು ಮಾತೇ ಅಲ್ವಾ."

ಆ ಮಾತು ನನಗೆಂದೇ ಆಡಿದರೋ ಇಲ್ಲವೋ, ಎದೆಗೆ ನೆಟ್ಟಿತು. ಸೊಸೆ ಹೇಗಿದ್ದಾಳೆ ಎಂದು ಕೇಳಿದೆ. ನಾಲ್ಕಾರು ಕುರಿ ಉಳಿಸಿಕೊಂಡು ಕೆರೆ ಏರಿಯ ಮೇಲೆ ಮೇಯಿಸುತ್ತಾಳೆ ಎಂದರು.

"ಈಗ ಅಲ್ಲೇ ಇದ್ದಾಳಾ?"

"ಇಲ್ಲ. ದೊಡ್ಡಿ ತಾವ್ಕೆ ಹೋಗವ್ಳೆ, ಕುರಿ ಬಿಡಿಸ್ಕೊಂಡು ಬರಾಕೆ," ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಬೆಳಿಗ್ಗೆ ತಪ್ಪಿಸ್ಕೊಂಡು ಇಲ್ಲಿಗೇ ಬಂದ್ಬುಟ್ಟವು. ಹುಟ್ಟಿದ ಜಾಗ ಅಲ್ವಾ. ಊರೋರ ಕುರಿಯೆಲ್ಲ ದೊಡ್ಡಿಗೆ ಹೊಡೀತಿದ್ದೆ, ನಮ್ಮವು ಅಂತ ಬಿಟ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ? ನಾನೇ ಹೊಡ್ಕೊಂಡು ಹೋಗಿ ಕೂಡಿ ಬಂದೆ."